ಹಾಲವ್ವನ ಮಡ್ಡಿಯೇ ಸಿ ರೇಂಜ್

ಗುಂಡು ಬೀಳುವ ಜಾಗದ ಹೆಸರನ್ನು ಅಲ್ಲಿ ಕುರಿ ಮೇಯಿಸುವವರಿಗೇ ತಿಳಿಸದಿರುವುದು ಅನ್ಯಾಯ. ಈ ಹಾಳೆ ಓದುವ ಗೆಳೆಯರೇ, ಇಂದು ಖಾನಾಪುರದ ಕಚೇರಿಯೊಂದರಲ್ಲಿ ಅದನ್ನು ಕಣ್ಣಾರೆ ಕಂಡೆ.

ಶುಕ್ರವಾರ ಬೆಳಗಾವಿ ಕ್ಯಾಂಪಿನ ಸೈನಿಕರ ಗುಂಡಿನ ಅಭ್ಯಾಸವಿದೆ. "ಸಿ ರೇಂಜಿಗೆ ಯಾರೂ ಹೋಗಬಾರದು" ಎಂದು ನಿನ್ನೆ ನಮ್ಮೂರಲ್ಲಿ ಡಂಗುರ ಸಾರಿದರು. ಸಿ ಎಲ್ಲಿದೆ ಎಂದು ಸಾರಿದವನಿಗೂ ಗೊತ್ತಿರಲಿಲ್ಲ. ಅದನ್ನು ಕೇಳಲು ಕುರಿ ಕಾಯುವ ಸಿದ್ದಪ್ಪಜ್ಜನ ಜೊತೆ ಆ ಕಚೇರಿಗೆ ಹೋಗಿದ್ದೆ.

ಗುಮಾಸ್ತರು ಕಡತ ತೆರೆದರು. ಹಳೆಯ ಹೆಸರುಗಳ ಎದುರಿಗೆ ಸೈನ್ಯ ಕೊಟ್ಟ ಅಕ್ಷರಗಳಿದ್ದವು. ಸಿ ಎಂದರೆ ಹಾಲವ್ವನ ಮಡ್ಡಿ, ನಮ್ಮೂರಾಚೆಯ ಹುಲ್ಲುದಿಬ್ಬ. ಅಜ್ಜ ದಿನವೂ ಕುರಿ ಬಿಡುವುದು ಅಲ್ಲಿಯೇ!

"ಹಂಗಾರ ಹಾಲವ್ವನ ಮಡ್ಡಿ ಅಂತನ ಸಾರಿಸ್ರಿ" ಎಂದೆ.

"ಆಗೂದಿಲ್ಲ ತಮ್ಮಾ. ಆ ಹೆಸರು ರದ್ದಾಗೈತಿ. ಮಿಲಿಟರಿ ನಕಾಶೆದಾಗ ಇಲ್ಲ."

ಅಜ್ಜ ಕಂಬಳಿಯನ್ನು ಹೆಗಲಿಗೇರಿಸಿಕೊಂಡ. "ಹೆಸರು ರದ್ದಾತು, ಖರೇ. ಹುಲ್ಲೂ ರದ್ದಾತೇನ್ರಿ ಸಾಹೇಬ್ರ? ನನ್ನ ಕುರಿ ಇನ್ನೂ ಅಲ್ಲೇ ಹೊಕ್ಕಾವ."

ಗುಮಾಸ್ತರಿಗೂ ನಗು ಬಂತು. ಆದರೂ ಡಂಗುರ ಬದಲಿಸಲು ಒಪ್ಪಲಿಲ್ಲ. "ಬರಕೊಂಡರ ಬರಕೋ. ನಾ ಏನೂ ನೋಡಿಲ್ಲ" ಎಂದು ಕಡತವನ್ನು ನನ್ನ ಕಡೆ ತಿರುಗಿಸಿ ಚಹಾಕ್ಕೆ ಎದ್ದು ಹೋದರು.

ಎಲ್ಲ ಹೆಸರುಗಳನ್ನೂ ಬರೆದುಕೊಂಡಿದ್ದೇನೆ. ಇನ್ನು ಡಂಗುರ ನಾವೇ ಸಾರೋಣ, ಕುರುಬರ ಹಟ್ಟಿ ಹಟ್ಟಿಗೂ ಹೋಗಿ, ಹಳೆಯ ಹೆಸರಿನಲ್ಲೇ. ಅಜ್ಜ ತನ್ನ ಡೊಳ್ಳು ತರುತ್ತಾನೆ. ಮಿಲಿಟರಿ ನಕಾಶೆಯಲ್ಲಿ ಅದೂ ಇಲ್ಲ, ಆದರೆ ಬಡಿದರೆ ಮೂರು ಊರಿಗೆ ಕೇಳಿಸುತ್ತದೆ.

ಗುರುವಾರ ಬೆಳಿಗ್ಗೆ ಏಳು ಗಂಟೆಗೆ, ಖಾನಾಪುರ ಬಸ್ ನಿಲ್ದಾಣದಲ್ಲಿ ಸೇರೋಣ.