ರೆಹಬ್ಬಾಮನ ಭಾನುವಾರ

ಕೂಡ್ಲಿಗಿಯ ನಮ್ಮ ಪುಟ್ಟ ಚರ್ಚಿನಲ್ಲಿ ಈಚೆಗೆ ಒಬ್ಬ ಹೆಂಗಸು ಪ್ರಸಂಗದ ನಡುವೆ ಎದ್ದು ನಿಂತಳು. ನಮ್ಮಲ್ಲಿ ಹೆಂಗಸರು ಎದ್ದು ನಿಲ್ಲುವುದು ದೇವರು ಮಾಡಿದ ಉಪಕಾರಕ್ಕೆ ಸಾಕ್ಷಿ ಹೇಳಲು, ಇಲ್ಲವೇ ಅಳುವ ಮಗುವನ್ನು ಹೊರಗೆ ಒಯ್ಯಲು. ರತ್ನಮ್ಮ ಎದ್ದದ್ದು ಎರಡಕ್ಕೂ ಅಲ್ಲ.

ಸ್ವಲ್ಪ ಹಿನ್ನೆಲೆ ಹೇಳಿಬಿಡುತ್ತೇನೆ. ನಮ್ಮ ಸಭೆಯ ಹಿರಿಯರು ಪ್ರಭುದಾಸ ಮೇಷ್ಟ್ರು. ರಿಟೈರ್ಡ್ ಹೆಡ್‌ಮಾಸ್ಟರ್. (ರಿಟೈರ್ ಆದದ್ದು ಶಾಲೆಯಿಂದ ಮಾತ್ರ.) ಈ ವರ್ಷ ಅವರು ಬೈಬಲಿನ ಅರಸರ ಆಳ್ವಿಕೆಯಿಂದ ಕ್ರೈಸ್ತರು ಕಲಿಯಬೇಕಾದ ಪಾಠಗಳನ್ನು ಹೇಳಲು ಶುರು ಮಾಡಿದ್ದಾರೆ. ವಾರಕ್ಕೊಬ್ಬ ಅರಸ. ಗೋಡೆಗೆ ಚಾರ್ಟು, ಕೈಯಲ್ಲಿ ಕೋಲು.

ಪಾಠ ಚೆನ್ನಾಗಿತ್ತು, ಸುಳ್ಳೇಕೆ ಹೇಳಲಿ? ಹೊಟ್ಟೆಕಿಚ್ಚಿನ ಸೌಲ ಬಂದ ವಾರ ಎಲ್ಲರೂ ಹಳೆಯ ಪಾಸ್ಟರನ್ನು ನೆನೆದರು. ಸೊಲೊಮೋನನ ವೈಭವ ಕೇಳುವಾಗ ಎಲ್ಲರ ಕಣ್ಣು ಮುಂದಿನ ಬೆಂಚಿನ ಬಟ್ಟೆ ಅಂಗಡಿಯವರ ಮೇಲೆ. ಪ್ರತಿಯೊಬ್ಬ ಅರಸನಿಗೂ ಊರಲ್ಲಿ ಒಬ್ಬೊಬ್ಬರು ಸಿಕ್ಕರು. ತಮ್ಮೊಳಗೆ ಮಾತ್ರ ಯಾರಿಗೂ ಒಬ್ಬನೂ ಸಿಗಲಿಲ್ಲ.

ಒಂದೇ ತೊಂದರೆ. ಅರಸರು ಬಂದಮೇಲೆ ಆರಾಧನೆ ಉದ್ದವಾಯಿತು. ಹನ್ನೆರಡಕ್ಕೆ ಮುಗಿಯುತ್ತಿದ್ದದ್ದು ಎರಡಕ್ಕೆ ಹೋಯಿತು. ರತ್ನಮ್ಮ ಮತ್ತು ಜೊತೆಯ ಹೆಂಗಸರು ಕಾನಹೊಸಹಳ್ಳಿ ಕಡೆಯ ಹಳ್ಳಿಯವರು, ಕೂಲಿ ಕೆಲಸದವರು. ಅವರೂರಿಗೆ ಮಧ್ಯಾಹ್ನ ಇರುವುದು ಒಂದೇ ಬಸ್ಸು. ತಪ್ಪಿದರೆ ಸಂಜೆಯೇ.

ಆ ಭಾನುವಾರದ ಅರಸ ರೆಹಬ್ಬಾಮ, ಸೊಲೊಮೋನನ ಮಗ. ನಿಮ್ಮಪ್ಪ ಹೇರಿದ ಭಾರ ಹಗುರ ಮಾಡು ಎಂದು ಜನ ಬಂದು ಕೇಳುತ್ತಾರೆ. ಮೂರು ದಿನ ಬಿಟ್ಟು ಬನ್ನಿ ಅನ್ನುತ್ತಾನೆ. ಹಿರಿಯರು, ಈ ಜನರಿಗೆ ನೀನು ಸೇವಕನಾಗು ಅನ್ನುತ್ತಾರೆ. ಜೊತೆಗೆ ಬೆಳೆದ ಹುಡುಗರು, ಇನ್ನೂ ಬಿಗಿ ಮಾಡು ಅನ್ನುತ್ತಾರೆ. ಅರಸನಿಗೆ ಹುಡುಗರ ಮಾತು ರುಚಿಸುತ್ತದೆ. ಹನ್ನೆರಡು ಕುಲಗಳಲ್ಲಿ ಹತ್ತು ಎದ್ದು ಹೋಗುತ್ತವೆ.

ಮೇಷ್ಟ್ರು ಕೋಲನ್ನು ಚಾರ್ಟಿನ ಮೇಲಿಟ್ಟು, "ಇದರಿಂದ ನಾವೇನು ಕಲೀಬೇಕು?" ಅಂದರು. ರತ್ನಮ್ಮ ಎದ್ದದ್ದು ಆಗಲೇ.

"ಬಸ್ ಹೋಗ್ತೈತ್ರಿ ಮೇಷ್ಟ್ರ. ಸ್ವಲ್ಪ ಜಲ್ದಿ ಬಿಡ್ರಿ. ಹೋದ ವಾರ ಬಸ್ ತಪ್ಪಿ ಮನ್ಯಾಗ ದೊಡ್ಡ ಜಗಳ ಆತು. ಇನ್ನೊಮ್ಮಿ ತಡ ಆದ್ರ ಚರ್ಚಿಗೆ ಹೋಗೋದೇ ಬ್ಯಾಡ ಅಂದಾರ ನಮ್ಮ ಮನಿಯವ್ರು."

(ಆಕೆಯ ಗಂಡ ನಮ್ಮ ಸಭೆಯವನಲ್ಲ. ಪ್ರತಿ ವಾರ ಅವನನ್ನು ಒಪ್ಪಿಸಿಯೇ ಬರಬೇಕು.)

ಮೇಷ್ಟ್ರು ಏನೆಂದರು ಗೊತ್ತೇ? "ಕಮಿಟ್ಯಾಗ ಮಾತಾಡಿ ಹೇಳ್ತೀವಮ್ಮ. ಮೂರು ವಾರ ಬಿಟ್ಟು ಕೇಳು."

ಯಾರೂ ನಗಲಿಲ್ಲ.

ಕಮಿಟಿ ಸೇರಿತು. ವಯಸ್ಸಾದ ಪೀಟರಪ್ಪನವರು, "ಪಾಪ, ಅವರ ಬಸ್ಸಿನ ಹೊತ್ತಿಗೆ ಮುಗಸೋಣ್ರಿ" ಅಂದರಂತೆ. ಚರ್ಚಿಗೆ ಹೊಸ ಕೀಬೋರ್ಡು ತಂದ ಯುವಕರು ಒಪ್ಪಲಿಲ್ಲ. "ದೇವ್ರಿಗೆ ಟೈಮ್ ಕೊಡಾಕ ಆಗಲ್ಲಾಂದ್ರ ಹೆಂಗ್ರಿ? ಡಿಸಿಪ್ಲಿನ್ ಬೇಕು." ಡಿಸಿಪ್ಲಿನ್ ಅಂದರೆ ಹೆಡ್‌ಮಾಸ್ಟರ್ ಕರಗದೆ ಇರುತ್ತಾರೆಯೇ? ಮೂರನೆಯ ಭಾನುವಾರ ತೀರ್ಪು ಬಂತು. ಸಮಯ ಬದಲಾಗದು. ನಡುವೆ ಎದ್ದು ಹೋಗುವವರಿಗೆ ಇನ್ನು ಮುಂದೆ ರೊಟ್ಟಿ, ದ್ರಾಕ್ಷಾರಸದ ಪ್ರಭು ಭೋಜನವೂ ಇಲ್ಲ.

"ಆತು ಬಿಡ್ರಿ" ಅಂದಳು ರತ್ನಮ್ಮ. ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು ಹೊರಟಳು. ಚಾಪೆಯ ಮೇಲೆ ಕೂತಿದ್ದ ಅವರೂರಿನ ಹೆಂಗಸರೆಲ್ಲ ಒಬ್ಬೊಬ್ಬರಾಗಿ ಎದ್ದರು. ನನಗೆ ಬಹಳ ಬೇಜಾರಾಯಿತು. ಅವರಿಗೆ ಅವತ್ತು ಬಸ್ಸಂತೂ ಸಿಕ್ಕಿತು.

ಮೊನ್ನೆ ಕಾನಹೊಸಹಳ್ಳಿಯ ಬಸ್ ಸ್ಟ್ಯಾಂಡಿನಲ್ಲಿ ಆಕೆ ಸಿಕ್ಕಳು. "ನಮ್ಮ ಅಂಗಳದಾಗ ಕುಂತು ಪ್ರಾರ್ಥನಿ ಮಾಡ್ತೀವ್ರಿ. ಮನಿಯವ್ರೂ ಕಟ್ಟಿ ಮ್ಯಾಲ ಕುಂತು ಕೇಳ್ತಾರ" ಅಂದಳು. ಆಮೇಲೆ, "ಪ್ರಭು ಭೋಜನ ಒಂದು ಇಲ್ಲ ನೋಡ್ರಿ" ಅಂದಳು.

ಊರಿಗೆ ಬಂದವನೇ ಮೇಷ್ಟ್ರಿಗೆ ವಿಷಯ ತಿಳಿಸಿದೆ. ಕನ್ನಡಕ ಒರೆಸುತ್ತಾ ಅವರು, "ನೋಡ್ರಿ, ಅಷ್ಟು ಚೆನ್ನಾಗಿ ರೆಹಬ್ಬಾಮನ ಪಾಠ ಮಾಡಿದೆ. ಆದ್ರೂ ಹಿರೇರ ಮಾತು ಕೇಳಲಿಲ್ಲ ಈ ಜನ" ಅಂದರು.

ರೆಹಬ್ಬಾಮನಿಗೆ ಎರಡು ಕುಲಗಳಾದರೂ ಉಳಿದಿದ್ದವು. ನಮಗೆ ಉಳಿದದ್ದು ಕಮಿಟಿ.