ನಾನು ಫೋನ್ ಮಾಡದ ಮೂರು ದಿನ

ಮೂರನೇ ದಿನವೂ ಸವಿತಾ ಸ್ಪೆಷಲ್ ಕ್ಲಾಸಿಗೆ ಬರಲಿಲ್ಲ. ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಉಳಿದದ್ದು ಎಂಟೇ ದಿನ.

ತಪ್ಪು ನನ್ನದೇ ಇರಬಹುದು ಅಂತ ಒಳಗೊಳಗೇ ಗೊತ್ತಿತ್ತು.

ನಾನು ಗಜೇಂದ್ರಗಡದಲ್ಲಿ ಗಣಿತ ಟೀಚರ್. ಪರೀಕ್ಷೆ ಹತ್ತಿರ ಬಂತೆಂದರೆ ನಮ್ಮ ಹೈಸ್ಕೂಲಿನಲ್ಲಿ ಒಬ್ಬೊಬ್ಬ ಟೀಚರಿಗೆ ಹತ್ತು ಮಕ್ಕಳನ್ನು ಹಂಚುತ್ತಾರೆ. ಬೆಳಗಿನ ಐದಕ್ಕೆ ಅವರ ಮನೆಗೆ ಫೋನ್ ಮಾಡಿ ಓದಲು ಎಬ್ಬಿಸಬೇಕು.

ಸೂಡಿಯ ಸವಿತಾ ನನ್ನ ಲಿಸ್ಟಿನಲ್ಲಿದ್ದಳು. ಒಂದೇ ರಿಂಗಿಗೆ ಎತ್ತಿ "ಎದ್ದೇನ್ರಿ ಟೀಚರ್" ಅನ್ನುತ್ತಿದ್ದಳು.

ಆದರೆ ಪ್ರಿಪರೇಟರಿಯಲ್ಲಿ ಗಣಿತಕ್ಕೆ ಮೂವತ್ತೆರಡು ತಂದಳು. ನನಗೋ ಮೂಗಿನ ತುದಿಯಲ್ಲೇ ಸಿಟ್ಟು. ಎಲ್ಲರ ಮುಂದೆ ಅಂದುಬಿಟ್ಟೆ, "ನಿನಗ ಓದೂ ಮನಸಿಲ್ಲ. ನಾಳಿಂದ ನಾ ಫೋನ್ ಮಾಡೂದಿಲ್ಲ. ಬೇಕಾದ್ರ ಏಳು, ಬ್ಯಾಡಾದ್ರ ಮಲಕೋ."

ಮಾಡಲೂ ಇಲ್ಲ. ತಾನಾಗಿಯೇ ಹಟ ಹುಟ್ಟಲಿ, ಆಗ ಓದುತ್ತಾಳೆ ಅಂತ ನನ್ನ ಲೆಕ್ಕ. ಗಣಿತ ಟೀಚರ್ ನೋಡಿ...

ಆ ಮೂರನೇ ದಿನದ ಸಂಜೆ ಫೋನ್ ಕೈಗೆತ್ತಿಕೊಂಡೆ. ಏನು ಕೇಳಬೇಕಾಗುತ್ತದೋ ಅಂತ ಹೆದರಿ ಕೆಳಗಿಟ್ಟೆ. ಈಗಿನ ಮಕ್ಕಳು, ಒಂದು ಮಾತನ್ನೂ ತಾಳುವುದಿಲ್ಲ.

ಮರುದಿನ ಬೆಳಕು ಹರಿಯುವ ಮುಂಚೆಯೇ ಸ್ಕೂಟಿ ತೆಗೆದು ಸೂಡಿಗೆ ಹೋದೆ. ಮನೆಗೆ ಬೀಗ.

ಪಕ್ಕದ ಮನೆಯ ಅಜ್ಜಿ ಅಂಗಳ ಗುಡಿಸುತ್ತಿದ್ದಳು. "ಕಡ್ಲಿ ಕೀಳಾಕ ಹೋಗ್ಯಾರ್ರಿ. ಹುಡುಗೀನೂ ಹೋಗೇತ್ರಿ."

ಹೋದ ಜೀವ ಬಂತು. ಹಿಂದೆಯೇ ಸಿಟ್ಟೂ ಬಂತು.

ಅಜ್ಜಿ ತೋರಿಸಿದ ಹೊಲದಲ್ಲಿ ಸವಿತಾ ಬಗ್ಗಿ ಕಡಲೆ ಗಿಡ ಕೀಳುತ್ತಿದ್ದಾಳೆ. ಬಿಸಿಲೇರಿದರೆ ಕಾಯಿ ಉದುರುತ್ತವೆ, ಅದಕ್ಕೇ ನಸುಕಿನಲ್ಲೇ ಕೀಳುವುದು. ನನ್ನನ್ನು ಕಂಡವಳೇ ಎದ್ದು ಕೈ ಹಿಂದೆ ಮಾಡಿಕೊಂಡಳು.

ಹಿಡಿದು ನೋಡಿದೆ. ಗಿಡದ ಹುಳಿಗೆ ಬೆರಳೆಲ್ಲ ಕೆಂಪಾಗಿ ಬಿರಿದಿವೆ. ಅದೇ ಕೈಯಲ್ಲಿ ಪರೀಕ್ಷೆ ಬರೆಯಬೇಕು.

"ಇದಕ್ಕ ಕ್ಲಾಸ್ ಬಿಟ್ಟೀಯೇನು?" ಅಂದೆ.

ಉತ್ತರ ಕೊಟ್ಟವಳು ಅವಳ ಅವ್ವ. "ನಿಮ್ಮ ಫೋನ್ ನಿಂತಿತ್ತಲ್ರಿ ಬಾಯಾರ. ಓದೂದೆಲ್ಲಾ ಮುಗದಿರಬೇಕು ಅಂತ ನಾನಽ ಕರಕೊಂಡ ಬಂದೇನ್ರಿ."

ಸವಿತಾ ತಲೆ ಎತ್ತದೆ ಹೇಳಿದಳು, "ನಾ ದಿನಾ ನಾಕಕ್ಕ ಏಳತೇನ್ರಿ ಟೀಚರ್. ನಿಮ್ಮ ಫೋನ್ ಬಂದ್ರ ಓದಾಕ ಬಿಡತಾರ್ರಿ. ಬರಲಿಲ್ಲಂದ್ರ ಕೆಲಸಕ್ಕ ಕರೀತಾರ್ರಿ."

"ಕ್ಲಾಸ್ ಅದಾವಂತ ಅವ್ವಗ ಹೇಳಬೇಕಿಲ್ಲೇನು?"

"ಮತ್ತ ಫೋನ್ ಯಾಕ ನಿಂತು ಅಂತ ಕೇಳತಾಳ್ರಿ. ಟೀಚರ್ ನನ್ನ ಬಿಟ್ಟಾರ ಅಂತ ಹ್ಯಾಂಗ ಹೇಳಲಿರಿ..."

ಈ ಹುಡುಗಿಗೇ ನಾನು ಓದುವ ಮನಸಿಲ್ಲ ಅಂದಿದ್ದೆ. ನನ್ನ ಬಗ್ಗೆ ನನಗೇ ನಾಚಿಕೆಯಾಯಿತು. ಅವ್ವನ ಮುಂದೆ ಕೈ ಮುಗಿದು, ಪರೀಕ್ಷೆ ಮುಗಿಯುವ ತನಕ ಇವಳನ್ನು ಬಿಡ್ರಿ ಅಂತ ಕೇಳಿಕೊಂಡೆ.

ಈಗ ಮತ್ತೆ ದಿನಾ ಐದಕ್ಕೆ ಫೋನ್ ಮಾಡುತ್ತಿದ್ದೇನೆ. ಎಲ್ಲಿ ನಿದ್ದೆ ಹತ್ತಿಬಿಡುತ್ತದೋ ಅಂತ ಎರಡೆರಡು ಅಲಾರಂ ಇಡುತ್ತೇನೆ. ಅವ್ವನೇ ಎತ್ತುತ್ತಾಳೆ. "ಓದಾಕತ್ತಾಳ್ರಿ ಬಾಯಾರ" ಅನ್ನುವುದು ಕಿವಿಗೆ ಬೀಳುವವರೆಗೆ ಫೋನ್ ಇಡುವುದಿಲ್ಲ.

ಪರೀಕ್ಷೆ ನಾಳಿದ್ದಿನಿಂದ. ಇವತ್ತು ಹಾಲ್ ಟಿಕೆಟ್ ಒಯ್ಯಲು ಬಂದವಳು ಬಾಗಿಲ ಹತ್ತಿರ ಹೋಗಿ ತಿರುಗಿ ನಿಂತಳು.

"ಪರೀಕ್ಷಾ ಮುಗದ ಮ್ಯಾಲೂ ಫೋನ್ ಮಾಡ್ತೀರೇನ್ರಿ ಟೀಚರ್?"

ಹೂಂ ಅಂದುಬಿಟ್ಟಿದ್ದೇನೆ... ಎಷ್ಟು ವರ್ಷ ಮಾಡಬೇಕಾದೀತು, ನೀವೇ ಹೇಳಿ.