ಗೋಡೆಗೆ ಮುಖ ಮಾಡಿದ ಪಟ್ಟಿ

ಬೆನ್ನಿಗೆ ಹಲಗೆ ಕಟ್ಟಿಕೊಂಡ ಹೆಂಗಸೊಬ್ಬಳು ಬೆಟ್ಟ ಹತ್ತುತ್ತಿದ್ದಾಳೆಂಬ ಸುದ್ದಿಯನ್ನು ಸೆಟ್ಸುವಿಗೆ ತಂದವನು ನೆರೆಮನೆಯ ಮುದುಕ ಗೊನ್ಜೊ. ಸೆಟ್ಸು ಆಗ ಉಪ್ಪಿನಕಾಯಿಯ ಮೂಲಂಗಿಗಳನ್ನು ಹೊಗೆಗೆ ತೂಗುಹಾಕುತ್ತಿದ್ದಳು.

"ಇಷ್ಟುದ್ದದ ಹಲಗೆ, ಸೆಟ್ಸು. ಮೇಲೆ ಹೋಗಿ ಅದರ ಮೇಲೆ ನಿಂತು ಹಿಮದಲ್ಲಿ ಜಾರ್ಕೊಂಡು ಬರ್ತಾಳಂತೆ."

"ಜಾರೋಕೆ ಆಚೆ ಗುಡ್ಡ ಇದೆಯಲ್ಲ. ತಂತಿಗೆ ತೂಗೋ ಕುರ್ಚೀಲಿ ಕೂತು ಆರಾಮಾಗಿ ಮೇಲೆ ಹೋಗ್ಬಹುದಲ್ಲ."

"ನಾನೂ ಅದನ್ನೇ ಅಂದೆ. ಅಲ್ಲಿ ಜನ ಇರ್ತಾರೆ ಅಂದ್ಲು."

ಸೆಟ್ಸು ಮೂಲಂಗಿಯನ್ನು ಕೈಯಲ್ಲೇ ಹಿಡಿದು ನಿಂತಳು. ಉತ್ತರದ ಹಿಮನಾಡು ಅಕಿತಾದ ಆ ಕಣಿವೆಯಲ್ಲಿ ಅವಳ ಮನೆಯೇ ಕೊನೆಯದು. ಹಿತ್ತಿಲು ದಾಟಿದರೆ ಬೆಟ್ಟದ ದಾರಿ. ಸೊಸೆಯಾಗಿ ಬಂದು ಐವತ್ತು ವರ್ಷ ಆ ದಾರಿಯನ್ನು ನೋಡಿದ್ದಳೇ ಹೊರತು ತುಳಿದಿರಲಿಲ್ಲ. ಬೆಟ್ಟವನ್ನಾಳುವ ದೇವತೆ, ಬೆಟ್ಟದ ತಾಯಿ, ಕುರೂಪಿ, ಹೊಟ್ಟೆಕಿಚ್ಚಿನವಳು, ಇನ್ನೊಂದು ಹೆಣ್ಣಿನ ಹೆಜ್ಜೆಯನ್ನು ಸಹಿಸುವವಳಲ್ಲ. ಹೋಗುತ್ತಿದ್ದವರು ಬೇಟೆಗಾರ ಗಂಡಸರು. ಹೋಗುವಾಗ ಸೆಟ್ಸುವಿನ ಮನೆಯ ಹೊರಗೋಡೆಯಲ್ಲಿ ತೂಗುವ ತಮ್ಮ ಹೆಸರಿನ ಮರದ ಪಟ್ಟಿಯನ್ನು ಗೋಡೆಗೆ ಮುಖ ಮಾಡಿ ತಿರುಗಿಸುವರು, ಇಳಿದು ಬಂದಮೇಲೆ ಹೊರಮುಖ ಮಾಡುವರು. ಮಧ್ಯಾಹ್ನ ಕಳೆದರೂ ಪಟ್ಟಿ ತಿರುಗದಿದ್ದರೆ ಉಳಿದವರು ಹುಡುಕಲು ಹೊರಡಬೇಕು. ಹದಿನೇಳು ಮೊಳೆಗಳಿದ್ದವು. ಒಬ್ಬೊಬ್ಬರು ಸತ್ತಂತೆ ಅವರ ಪಟ್ಟಿಯೂ ಅವರೊಂದಿಗೇ ಬೆಂಕಿಗೆ ಹೋಯಿತು. ಸೆಟ್ಸುವಿನ ಗಂಡನದು ಹೋಗಿ ಆರು ವರ್ಷ. ಉಳಿದದ್ದು ಗೊನ್ಜೊನದೊಂದೇ, ಮಂಡಿನೋವು ಹತ್ತಿದ ಮೇಲೆ ಅದೂ ತಿರುಗಿರಲಿಲ್ಲ.

ಅಂದು ಮಧ್ಯಾಹ್ನ ಆ ಹೆಂಗಸು ಇಳಿದು ಬಂದು ಬಿಸಿನೀರು ಕೇಳಿದಳು. ಹೆಸರು ಮಿಸಾವೊ. ನಲವತ್ತು ದಾಟಿತ್ತು. ಪಟ್ಟಣದ ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುವ ಕೆಲಸ, ಬುಧವಾರ ರಜೆ. ಹುಬ್ಬಿನ ಮೇಲೆ ಹಿಮ ಗಟ್ಟಿಯಾಗಿತ್ತು.

"ಹತ್ತೋಕೆ ಎಷ್ಟು ಹೊತ್ತಮ್ಮ?"

"ನಾಲ್ಕು ಗಂಟೆ."

"ಇಳಿಯೋಕೆ?"

"ಹನ್ನೆರಡು ನಿಮಿಷ, ಅಜ್ಜಿ."

"ಅಷ್ಟಕ್ಕಾ?"

"ಅಷ್ಟಕ್ಕೇ."

"ಒಬ್ಳೇ ಹೋಗೋಕೆ ಭಯ ಆಗಲ್ವಾ?"

"ಕೆಳಗೂ ಒಬ್ಳೇ. ಮೇಲಾದ್ರೆ ಅದಕ್ಕೊಂದು ಕಾರಣ ಇರುತ್ತೆ."

ಈ ಮಾತು ಸೆಟ್ಸುವಿಗೆ ಎಲ್ಲೋ ನಾಟಿತು. ಮರುವಾರದೊಳಗೆ ಅವಳು ಮೀನಿನ ಕಡುಬನ್ನು ಅಂಟಿಸಿ ಮಾರುವ ಪುಟ್ಟ ಮರದ ತುಂಡೊಂದನ್ನು ತೊಳೆದು, ತನಗೆ ಬರುತ್ತಿದ್ದ ನಾಲ್ಕು ಅಕ್ಷರಗಳಲ್ಲೇ ಮಿಸಾವೊಳ ಹೆಸರು ಬರೆದು, ಗಂಡನ ಮೊಳೆಗೆ ತೂಗುಹಾಕಿದಳು.

ಗೊನ್ಜೊ ಮೂಸಿ ನೋಡಿದ. "ಹೆಂಗಸಿಗೆ ಪಟ್ಟಿ. ಅದೂ ಮೀನು ನಾರ್ತಾ ಇದೆ."

"ತಾಯಿಗೆ ಮೀನು ಅಂದ್ರೆ ಪ್ರಾಣ ಅಂತ ನೀವೇ ಹೇಳ್ತಿದ್ರಿ."

"ಹೇಳ್ತಿದ್ದೆ, ಹೇಳ್ತಿದ್ದೆ," ಎಂದು ಗೊಣಗುತ್ತ ಹೋದ. ಆದರೆ ಅಂದಿನಿಂದ ಬುಧವಾರ ಊಟಕ್ಕೆ ಕೂರುವ ಮುನ್ನ ಆ ಗೋಡೆಯತ್ತ ಒಮ್ಮೆ ಇಣುಕದೆ ಅವನಿಗೆ ಅನ್ನ ಇಳಿಯುತ್ತಿರಲಿಲ್ಲ.

ನಾಲ್ಕು ಚಳಿಗಾಲ ಹೀಗೇ ಕಳೆದವು. ಸೆಟ್ಸು ಹುದುಗಿಸಿದ ಸೋಯಾದ ಮಿಸೊ ಸಾರನ್ನು ಒಲೆಯ ಮೇಲಿಟ್ಟು ಕಿಟಕಿಯಲ್ಲಿ ಕೂರುವಳು. ಬಿಳಿಯ ಇಳಿಜಾರಿನಲ್ಲಿ ಎಳ್ಳಿನಷ್ಟು ಕಪ್ಪು ಕಾಣಿಸಿಕೊಂಡು ಸರಸರನೆ ದೊಡ್ಡದಾಗುವುದು. ಇಬ್ಬರೂ ಹೆಚ್ಚು ಮಾತಾಡುತ್ತಿರಲಿಲ್ಲ. ಸಾರು ಕುಡಿದು ಮಿಸಾವೊ ಬಸ್ಸಿಗೆ ಹೋಗುವಳು. ವಾರದ ಉಳಿದ ಆರು ದಿನ ಸೆಟ್ಸುವಿನ ಒಲೆಯ ಮೇಲೆ ಒಂದೇ ಬಟ್ಟಲಿನಷ್ಟು ಸಾರು.

ಐದನೆಯ ಚಳಿಗಾಲದಲ್ಲಿ ಡಿಸೆಂಬರ್ ಹನ್ನೆರಡು ಬುಧವಾರವೇ ಬಿತ್ತು. ಆ ದಿನ ತಾಯಿ ತನ್ನ ಮರಗಳನ್ನೆಣಿಸುತ್ತಾಳೆ. ಒಳಗೆ ಸಿಕ್ಕ ಮನುಷ್ಯರನ್ನೂ ಮರವೆಂದೇ ಎಣಿಸಿ ಇಟ್ಟುಕೊಳ್ಳುತ್ತಾಳೆ. ಯಾವ ಬೇಟೆಗಾರನೂ ಅಂದು ಬೆಟ್ಟಕ್ಕೆ ಕಾಲಿಟ್ಟವನಲ್ಲ.

"ಇವತ್ತೊಂದಿನ ಬೇಡಮ್ಮ," ಎಂದಳು ಸೆಟ್ಸು.

"ತಾಯಿಗೆ ಬೇರೆ ದಿನ ಸಿಗುತ್ತೆ ಅಜ್ಜಿ, ನಂಗೆ ಬುಧವಾರ ಒಂದೇ." ಮಿಸಾವೊ ನಕ್ಕು, ಪಟ್ಟಿಯನ್ನು ಗೋಡೆಗೆ ತಿರುಗಿಸಿ ಹೊರಟಳು.

ಸೆಟ್ಸುವಿಗೆ ಅಂದು ಕಣ್ಣು ತೋರಿಸಲು ಪಟ್ಟಣಕ್ಕೆ ಹೋಗಬೇಕಿತ್ತು. ಬಾಗಿಲೆಳೆದು ಹೊರಟವಳು ಪಟ್ಟಿಯ ಮುಂದೆ ನಿಂತಳು. ಬೆಟ್ಟದಲ್ಲಿ ಯಾರೂ ಇಲ್ಲವೆಂದು ಪಟ್ಟಿಯೇ ಹೇಳಿದರೆ ತಾಯಿ ಎಣಿಸುವುದಾದರೂ ಯಾರನ್ನು? ಕೈ ಚಾಚಿ ಅದನ್ನು ಹೊರಮುಖ ಮಾಡಿ ಬಸ್ಸು ಹತ್ತಿದಳು.

ಹನ್ನೊಂದಕ್ಕೆ ಗಾಳಿ ಎದ್ದಿತು. ಪಟ್ಟಣದಲ್ಲೇ ಎದುರಿನ ಅಂಗಡಿ ಕಾಣದಂತೆ ಹಿಮ ಹೊಡೆಯಿತು, ಬಸ್ಸುಗಳು ನಿಂತವು. ಒಂದು ಗಂಟೆಗೆ ಸೆಟ್ಸು ಗೊನ್ಜೊನಿಗೆ ಫೋನು ಮಾಡಿದಳು.

"ಬಂದಾಯ್ತು ನಿನ್ನ ಹಲಗೆಯವಳು," ಎಂದ ಅವನು. "ಪಟ್ಟಿ ಹೊರಗೆ ನೋಡ್ತಿದೆ. ನೋಡೇ ಊಟಕ್ಕೆ ಕೂತೆ."

"ಗೊನ್ಜೊ-ಸಾನ್, ಅದನ್ನ ತಿರುಗಿಸಿದ್ದು ನಾನು."

ಅತ್ತ ಕಡೆ ಊಟದ ಬಟ್ಟಲು ಸರಿಸಿದ ಸದ್ದು. "ಇವತ್ತು ಹನ್ನೆರಡು, ಅಲ್ವಾ?"

"ಹೂಂ."

"ನನ್ನ ಪಟ್ಟೀನೂ ತಿರುಗಿಸದೆ ಹಾಗೇ ಬಿಟ್ಟು ಹೋಗ್ತೀನಿ. ತಾಯಿ ಲೆಕ್ಕ ತಪ್ಪಲಿ."

ಅಗ್ನಿಶಾಮಕದವರಿಗೆ ತಿಳಿಸಿ, ಅವರು ಬರುವವರೆಗೆ ಕಾಯದೆ, ಎಪ್ಪತ್ತೆಂಟರ ಮುದುಕ ಎಂದೂ ಹೋಗದ ದಿನ ಬೆಟ್ಟಕ್ಕೆ ಹೋದ. ಬೆಳಕಿರುವಾಗಲೇ ಮಿಸಾವೊ ಸಿಕ್ಕಳು. ದಾರಿ ಕಾಣದೆ, ದೊಡ್ಡ ಮರವೊಂದರ ಬುಡದಲ್ಲಿ ಹಿಮ ತೋಡಿ, ಗಾಳಿಗೆ ಹಲಗೆಯನ್ನು ಅಡ್ಡ ನಿಲ್ಲಿಸಿ ಕೂತಿದ್ದಳು. ಜೀವ ಉಳಿಯಿತು. ಹೆಪ್ಪುಗಟ್ಟಿದ ಎಡಗಾಲಿನ ಮೂರು ಬೆರಳು ಉಳಿಯಲಿಲ್ಲ.

ಸೆಟ್ಸು ಫ್ಲಾಸ್ಕಿನಲ್ಲಿ ಸಾರು ತುಂಬಿಕೊಂಡು ಆಸ್ಪತ್ರೆಗೆ ಹೋಗಿ, ಮಾಡಿದ್ದನ್ನು ಹೇಳಿದಳು. ಮಿಸಾವೊ ಕಿಟಕಿಯತ್ತ ನೋಡುತ್ತಿದ್ದಳು.

"ಮಧ್ಯಾಹ್ನ ಆಯ್ತು, ಪಟ್ಟಿ ನೋಡಿರ್ತಾರೆ, ಈಗ ಹೊರಟಿರ್ತಾರೆ ಅಂದ್ಕೊಂಡು ಕೂತಿದ್ದೆ ಅಜ್ಜಿ. ನಂಗೋಸ್ಕರ ಯಾರೋ ಹೊರಟಿದ್ದಾರೆ ಅನ್ಕೊಳ್ಳೋದು ಅದೇ ಮೊದಲು."

ಸೆಟ್ಸು ಫ್ಲಾಸ್ಕಿನ ಮುಚ್ಚಳ ತೆಗೆದು ಸಾರು ಬಗ್ಗಿಸಿದಳು. ಮಿಸಾವೊ ಕುಡಿದಳು. ಪರವಾಗಿಲ್ಲ ಎಂದು ಮಿಸಾವೊ ಅನ್ನಲಿಲ್ಲ, ಕ್ಷಮಿಸೆಂದು ಸೆಟ್ಸು ಕೇಳಲಿಲ್ಲ.

ಆ ಕಾಲು ಇನ್ನು ಹಲಗೆಯ ಮೇಲೆ ನಿಲ್ಲುವಂತಿರಲಿಲ್ಲ. ಮಾರ್ಚಿನಲ್ಲಿ ಮಿಸಾವೊ ಹಿಮವೇ ಬೀಳದ ದಕ್ಷಿಣಕ್ಕೆ, ಅಕ್ಕನ ಮನೆಗೆ ಹೊರಟಳು. ಹೋಗುವ ಮುನ್ನ ಕೋಲೂರಿಕೊಂಡು ಸೆಟ್ಸುವಿನಲ್ಲಿಗೆ ಬಂದಳು. ಸೆಟ್ಸು ಮೊಳೆಯಿಂದ ಪಟ್ಟಿ ತೆಗೆದು ಅವಳ ಕೈಗಿಟ್ಟಳು. "ನಿಂದು. ತಗೊಂಡ್ಹೋಗು."

ಮಿಸಾವೊ ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಮತ್ತೆ ಮೊಳೆಗೇ ತೂಗಿದಳು, ಗೋಡೆಗೆ ಮುಖ ಮಾಡಿ.

"ಹಾಗಿಟ್ರೆ ನೀನಿನ್ನೂ ಮೇಲೇ ಇದ್ದೀಯ, ನಾವು ಕಾಯ್ತಿರ್ಬೇಕು ಅಂತಾಗುತ್ತೆ ಕಣಮ್ಮ."

"ಗೊತ್ತು," ಎಂದಳು. ಬಸ್ಸು ತಿರುವಿನಲ್ಲಿ ಸದ್ದು ಮಾಡಿತು. ಅವಳು ಕೋಲೂರಿ ನಾಲ್ಕು ಹೆಜ್ಜೆ ಹೋಗಿ ನಿಂತಳು. "ಈ ಸಲ ತಿರುಗಿಸ್ಬೇಡಿ, ಅಜ್ಜಿ."